ಎದುರಿಗೆ ಸಿಗುವವರ ಬಗ್ಗೆ ಬರೆಯುವುದು

ಎಲ್ಲರಿಗೂ ನಮಸ್ಕಾರ.

ದತ್ತಿ ಉಪನ್ಯಾಸ ಅಂದರೆ ಸಾಮಾನ್ಯವಾಗಿ ಒಬ್ಬರು ಮೇಷ್ಟ್ರು ಬಂದು, ಹಳೆಯ ಕವಿಯೊಬ್ಬರ ಬಗ್ಗೆ ಮಾತಾಡಿ, ಶಾಲು ಹೊದೆಸಿಕೊಂಡು ಹೋಗುವ ಕಾರ್ಯಕ್ರಮ. ಈ ಸಲ ಸಂಘಟಕರು ‘ನಮ್ಮಂಥ ಊರಲ್ಲಿ ಕೂತು ಬರೆಯೋದು ಹೇಗೆ ಅಂತ ಹೇಳಿ’ ಅಂದರು. ಸಾಗರದಲ್ಲೇ ಹುಟ್ಟಿ ಇಲ್ಲೇ ಇರುವವನಿಗೆ ಇದಕ್ಕಿಂತ ಸುಲಭದ ವಿಷಯ ಸಿಗುವುದಿಲ್ಲ ಅಂತ ಒಪ್ಪಿಕೊಂಡೆ. ಶಾಲು ಮಾತ್ರ ಬೇಡ. ಮನೆಯಲ್ಲಿ ಈಗಾಗಲೇ ಒಂದು ಕಪಾಟು ತುಂಬಿದೆ.

ಸಣ್ಣ ಊರಿನ ಬರಹಗಾರ ಅಂದ ಕೂಡಲೇ ಹೊರಗಿನವರಿಗೆ ಮಳೆ, ಜಗಲಿ, ಅಡಿಕೆ ತೋಟ, ಪುರುಸೊತ್ತು ಇವೆಲ್ಲ ಕಣ್ಣಿಗೆ ಬರುತ್ತವೆ. ಮಳೆ ಬೇಕಾದಷ್ಟಿದೆ. ಪುರುಸೊತ್ತು ಎಲ್ಲಿದೆ ಸ್ವಾಮಿ? ಇವನಿಗೆ ನಾಲ್ಕು ಸಾಲು ಬರೆಯಲು ಬರುತ್ತದೆ ಅಂತ ಗೊತ್ತಾದರೆ ಸಾಕು, ಊರಿನ ಬರವಣಿಗೆಯೆಲ್ಲ ಮನೆ ಬಾಗಿಲಿಗೆ ಬರುತ್ತದೆ. ಬೀದಿ ದೀಪಕ್ಕೆ ನಗರಸಭೆಗೆ ಅರ್ಜಿ, ಬಸ್ ಬಿಡಿ ಅಂತ ಮನವಿ, ತೀರಿಕೊಂಡವರಿಗೆ ಶ್ರದ್ಧಾಂಜಲಿ, ನಿವೃತ್ತರಿಗೆ ಸನ್ಮಾನ ಪತ್ರ. ಸನ್ಮಾನ ಪತ್ರದಲ್ಲಿ ‘ಅಜಾತಶತ್ರು’ ಇರಲೇಬೇಕು ಅಂತ ಹಟ ಹಿಡಿಯುತ್ತಾರೆ. ಹಟ ಹಿಡಿದವರೇ ಆ ಅಜಾತಶತ್ರುವಿನ ಮೇಲೆ ಬೇಲಿ ವಿಚಾರಕ್ಕೆ ಕೋರ್ಟಿನಲ್ಲಿ ಕೇಸು ಹಾಕಿರುತ್ತಾರೆ!

ನಗಬೇಡಿ. ನಾನು ಬರೆಯಲು ಕಲಿತದ್ದು ಈ ಅರ್ಜಿಗಳಿಂದ. ‘ನಮ್ಮ ಬೀದಿಯಲ್ಲಿ ಗಾಢ ಕತ್ತಲು ಕವಿದಿದೆ’ ಅಂತ ಬರೆದುಕೊಟ್ಟರೆ ನಗರಸಭೆಯ ಗುಮಾಸ್ತರು ಪಾಪ ಏನು ಮಾಡಬೇಕು? ಯಾವ ರಸ್ತೆ, ಎಷ್ಟನೇ ಕಂಬ, ಯಾವತ್ತಿನಿಂದ ಉರಿಯುತ್ತಿಲ್ಲ, ಅಲ್ಲಿ ಓಡಾಡುವವರು ಯಾರು ಅಂತ ಬರೆಯಬೇಕು. ಲೇಖನ ಬರೆಯುವಾಗಲೂ ಕಂಬದ ನಂಬರ್ ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಇನ್ನೊಂದು ವಿಷಯ. ಇಲ್ಲಿ ಯಾರ ಬಗ್ಗೆ ಬರೆದೆವೋ ಅವರು ನಾಳೆ ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಸಿಗುತ್ತಾರೆ. ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬ ಜಾತ್ರೆಯಲ್ಲಂತೂ ಬೈದವರೂ ಬೈಸಿಕೊಂಡವರೂ ಒಂದೇ ಕಡೆ ಜಿಲೇಬಿಗೆ ನಿಂತಿರುತ್ತೇವೆ. ಹಾಗಾಗಿ ಇಲ್ಲಿನವರು ಹೆದರಿಕೊಂಡು, ಮೆತ್ತಗೆ ಬರೆಯುತ್ತಾರೆ ಅಂತ ಒಂದು ಮಾತಿದೆ. ಸ್ವಲ್ಪ ನಿಜ. ಆದರೆ ನಾಳೆ ಎದುರಿಗೆ ಸಿಗುವವರ ಬಗ್ಗೆ ಬರೆಯುವಾಗ ಸುಮ್ನೆ ಬೀಸಿ ಹೊಡೆಯಲು ಆಗುವುದಿಲ್ಲ. ವಿವರ ತಿಳಿದುಕೊಳ್ಳಲೇಬೇಕಾಗುತ್ತದೆ. ವಿವರ ಸರಿಯಾಗಿದ್ದರೆ ಏಟು ಇನ್ನೂ ಜೋರಾಗಿ ಬೀಳುತ್ತದೆ ಅನ್ನುವುದು ನನ್ನ ಅನುಭವ.

ನಮ್ಮ ಸೇತುವೆಯನ್ನೇ ತೆಗೆದುಕೊಳ್ಳಿ. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ನಾವೆಲ್ಲ ಸಿಗಂದೂರು ಸೇತುವೆ ಅನ್ನುವುದು. 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಉದ್ದ 2.44 ಕಿಲೋಮೀಟರ್. ಅಲ್ಲಿಯವರೆಗೆ ನೀರು ದಾಟಲು ಇದ್ದದ್ದು ಜನರನ್ನೂ ವಾಹನಗಳನ್ನೂ ಸಾಗಿಸುವ ಲಾಂಚ್. ಅವತ್ತು ಎಲ್ಲ ಚಾನೆಲ್‌ನಲ್ಲೂ ಮೇಲಿಂದ ಡ್ರೋನ್ ಹಾರಿಸಿ ತೆಗೆದ ಅದೇ ದೃಶ್ಯ. ಅದರ ಜೊತೆಗೇ ಇನ್ನೊಂದು ನಮೂನೆಯ ಬರಹಗಳೂ ಶುರುವಾದವು. ಅಯ್ಯೋ ಲಾಂಚ್ ಹೋಯಿತಲ್ಲ, ಆ ಗಾಳಿ, ಆ ನೀರು, ಆ ಸಂಜೆ ಅಂತ. ಅದನ್ನು ಬರೆದವರಲ್ಲಿ ಹೆಚ್ಚಿನವರು ರಜೆಯಲ್ಲಿ ಸಿಗಂದೂರಿಗೆ ಬಂದು, ಲಾಂಚ್ ಮೇಲೆ ಸೆಲ್ಫಿ ತೆಗೆದುಕೊಂಡು ಹೋದವರು. ಹಿನ್ನೀರಿನ ಆಚೆಯ ತುಮರಿಯ ಕಡೆಯವರು ಯಾರೂ ಹಾಗೆ ಬರೆಯಲಿಲ್ಲ. ಸಂಜೆಯ ಕಡೇ ಲಾಂಚ್ ತಪ್ಪಿದರೆ ಹೊಳೆಬಾಗಿಲಿನ ದಡದಲ್ಲಿ ನಿಂತು ಆಚೆ ದಡದ ದೀಪ ನೋಡುವುದು ಏನು ಅಂತ ಅವರಿಗೆ ಗೊತ್ತಿದೆ. ರಾತ್ರಿ ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು ಇಟ್ಟುಕೊಂಡು ಕಾದ ಮನೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ಅವರ ಮುಂದೆ ನಿಂತು ‘ಲಾಂಚ್ ಎಷ್ಟು ಚೆಂದ ಇತ್ತು’ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ನಾನೂ ಸೇತುವೆ ಬಗ್ಗೆ ಪತ್ರಿಕೆಗೆ ಒಂದು ಲೇಖನ ಬರೆದಿದ್ದೆ. ಅಡಿಕೆ ಕೊನೆಕೊಯ್ಲಿನ ಸಮಯದಲ್ಲಿ ಒಂದು ರಾತ್ರಿ ಪಕ್ಕದ ಹಳ್ಳಿಯ ಪರಿಚಯದವರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಬಲ್ಬಿನ ಕೆಳಗೆ ಸಾಲಾಗಿ ಮೆಟ್ಟುಕತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಈಗ ಮೆಷಿನ್ ಬಂದು ಈ ಸಾಲು ಸಣ್ಣದಾಗಿದೆ, ಆದರೂ ಇದೆ. ಕಾಯಿ ಕತ್ತಿಗೆ ತಾಗುತ್ತದೆ, ಒಂದು ತಿರುವು, ಸಿಪ್ಪೆ ಆ ಕಡೆ, ಬೆಟ್ಟೆ ಈ ಕಡೆ. ಕೈ ತನ್ನಷ್ಟಕ್ಕೆ ಓಡುತ್ತದೆ, ಬಾಯಿಗೆ ಬಿಡುವು. ಊರಿನ ನಿಜವಾದ ಸಂಪಾದಕೀಯ ತಯಾರಾಗುವುದು ಅಲ್ಲೇ. ಆ ಮನೆಯ ಹುಡುಗ ನನ್ನ ಲೇಖನ ಓದಿ ಹೇಳಿದ್ದನಂತೆ. ಸುಲಿಯುತ್ತಿದ್ದ ಒಬ್ಬ ಅಮ್ಮ ತಲೆ ಎತ್ತದೆ ಕೇಳಿದರು: ‘ಸೇತುವೆ ಎಷ್ಟುದ್ದ ಅಂತ ಬರ್ದೀರಿ, ಸರಿ. ಲಾಂಚ್ ಹತ್ರ ಅಂಗಡಿ ಹಾಕ್ಕಂಡಿದ್ದೋರು ಈಗ ಎಂತ ಮಾಡ್ತಾರಂತೆ?’

ಸೇತುವೆ ಬೇಡ ಅಂತ ಅವರು ಹೇಳುತ್ತಿರಲಿಲ್ಲ. ಅವರ ಮಗಳನ್ನು ಕೊಟ್ಟದ್ದೇ ಹೊಳೆಯ ಆಚೆಗೆ. ಸೇತುವೆಯಾದ ಖುಷಿ ಅವರಿಗೆ ನಮಗಿಂತ ಜಾಸ್ತಿ ಇತ್ತು. ಆದರೂ ಕಾಯುವವರಿಗೆ ಚಹಾ, ಕಡ್ಲೆಕಾಯಿ ಮಾರಿಕೊಂಡಿದ್ದವರು ಅವರ ಲೆಕ್ಕದಿಂದ ತಪ್ಪಿಹೋಗಿರಲಿಲ್ಲ. ಒಂದು ಸಂಗತಿಗೆ ಪರವೋ ವಿರೋಧವೋ ಅಂತ ಮಾತ್ರ ಕೇಳುವ ಟಿವಿ ಚರ್ಚೆಯಲ್ಲಿ ಆ ಅಮ್ಮನನ್ನು ಎಲ್ಲಿ ಕೂರಿಸುತ್ತೀರಿ?

ಇಲ್ಲಿ ಕಾದಂಬರಿಕಾರ ನಾ. ಡಿಸೋಜರನ್ನು ನೆನೆಯದೆ ಮುಂದೆ ಹೋಗಲಾರೆ. ನಮ್ಮ ಊರಿನವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ವಿದ್ಯುತ್ ಯೋಜನೆಯ ಜಾಗಗಳಲ್ಲೇ ಕೆಲಸ ಮಾಡಿದವರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲೇ, 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟೆಯೇ ಈ ನೀರಿನಲ್ಲಿ ಮುಳುಗಿತು. ಒಂದು ಅಣೆಕಟ್ಟು ಇನ್ನೊಂದನ್ನು ನುಂಗಿದ ಜಾಗ ನಮ್ಮದು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಳೆಯ ಕಟ್ಟೆ ಈಗಲೂ ಮೇಲೇಳುತ್ತದೆ. ಡಿಸೋಜರು ಅದೇ ಯೋಜನೆಯ ಸಂಬಳ ತೆಗೆದುಕೊಂಡು, ಅದರಿಂದ ಮನೆ ಕಳೆದುಕೊಂಡವರ ಕಥೆ ಬರೆದರು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಹೀಗೆ ಬಂದವು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣ ಕಮಲ ಬಂತು. ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಡಿಸೋಜರು ಅಧ್ಯಕ್ಷರಾದರು. ಆಮೇಲೂ ಇದೇ ಬೀದಿಗಳಲ್ಲಿ ಸಿಗುತ್ತಿದ್ದರು. 2025ರ ಜನವರಿ 5ರಂದು ತೀರಿಕೊಂಡರು. ಸೇತುವೆ ಆದದ್ದು ಆರು ತಿಂಗಳ ನಂತರ. ದ್ವೀಪದವರ ಬಗ್ಗೆ ಅಷ್ಟು ಬರೆದವರು ಅದರ ಮೇಲೆ ಒಮ್ಮೆ ಓಡಾಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅವರಿಂದ ನಾನು ಕಲಿತದ್ದು ಒಂದು ಧೈರ್ಯ. ಒಂದು ವ್ಯವಸ್ಥೆಯ ಒಳಗೇ ಇದ್ದೂ ಅದರ ಬಗ್ಗೆ ನಿಜ ಬರೆಯಬಹುದು. ಹೊರಗೆ ನಿಂತು ಕಲ್ಲು ಹೊಡೆಯುವುದು ಸುಲಭ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರೂ ಹಾಸನದಲ್ಲಿದ್ದುಕೊಂಡು, ವಕೀಲಿಕೆ ಮಾಡುತ್ತಾ, ತಮ್ಮ ಸುತ್ತಲಿನವರ ಬಗ್ಗೆಯೇ ಬರೆದವರು. ಅನುವಾದಿಸಿದ ದೀಪಾ ಭಾಸ್ತಿ ಮಡಿಕೇರಿಯವರು. ಆಮೇಲೆ ‘ಸಣ್ಣ ಊರಿನಿಂದ ವಿಶ್ವಕ್ಕೆ’ ಅಂತ ಬಂದ ಹೆಡ್‌ಲೈನ್ ನನಗೆ ಅಷ್ಟೇನೂ ಇಷ್ಟವಾಗಲಿಲ್ಲ. ಹಾಸನವೇನು ವಿಶ್ವದಿಂದ ಹೊರಗಿತ್ತೇ?

ಈಗ ಸ್ವಲ್ಪ ಕಹಿ ವಿಷಯ. ಇಲ್ಲಿಗೆ ಹತ್ತಿರದ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಬಂದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳದ ಬುಡದಲ್ಲಿದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಸಿಕೊಳ್ಳುವಾಗ ಒಡೆಯರು ತರುತ್ತಿದ್ದ ಕೊಳಗ ಮಾಮೂಲಿಗಿಂತ ದೊಡ್ಡದು. ಇವತ್ತು ನಮ್ಮ ಊರಿನ ವಾಟ್ಸಾಪ್ ಗುಂಪುಗಳನ್ನು ನೋಡಿದಾಗ ನನಗೆ ಆ ಕೊಳಗ ನೆನಪಾಗುತ್ತದೆ. ನಮ್ಮ ಪಕ್ಷದವರ, ನಮ್ಮ ಜಾತಿಯವರ ತಪ್ಪು ಅಳೆಯುವಾಗ ಒಂದು ಕೊಳಗ, ಬೇರೆಯವರದಕ್ಕೆ ಇನ್ನೊಂದು. ಎಲ್ಲೋ ದೂರದ ಊರಿನ ಗಲಾಟೆಯ ವಿಡಿಯೋ ಬರುತ್ತದೆ, ಅದು ಯಾವ ವರ್ಷದ್ದು ಅಂತ ಯಾರೂ ಕೇಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ದಶಕಗಳಿಂದ ಒಟ್ಟಿಗೆ ವಾಲಿಬಾಲ್ ಆಡಿದವರು ಮಾತು ಬಿಟ್ಟಿರುತ್ತಾರೆ. ಎದುರಿಗೆ ಸಿಕ್ಕಾಗ ಹೇಳಲಾಗದ ಮಾತನ್ನು ಫೋನಿನಲ್ಲಿ ಬರೆಯುತ್ತಾರೆ. ಬರೆಯುವುದು ಅಂದರೆ ಅದೂ ಬರೆಯುವುದೇ ಅಲ್ವಾ? ಹಾಗಾಗಿ ಅದು ನನ್ನ ವಿಷಯವೂ ಹೌದು.

ಇದೇ ಊರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಬಗ್ಗೆಯೂ ಎರಡು ಗುಂಪು. 2000 ಮೆಗಾವಾಟ್ ಯೋಜನೆ. ಬೇಡಿಕೆ ಕಡಿಮೆ ಇರುವಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಜಾಸ್ತಿಯಾದಾಗ ಕೆಳಗೆ ಬಿಟ್ಟು ಕರೆಂಟು ಮಾಡುವುದು. ಎತ್ತಲು ಬೇಕಾಗುವ ಕರೆಂಟು ಇಳಿಸಿದಾಗ ಬರುವುದಕ್ಕಿಂತ ಜಾಸ್ತಿ. ಆದರೆ ಬೇಕಾದ ಹೊತ್ತಿಗೆ ಸಿಗುತ್ತದೆ ಅನ್ನುವುದು ಅದರ ಸಮರ್ಥನೆ. ಜಾಗ ಮಾತ್ರ ಸಿಂಗಳೀಕಗಳ ಅಭಯಾರಣ್ಯ. ನಾನು ವಿರೋಧಿ, ಮುಚ್ಚಿಡುವುದಿಲ್ಲ. ಬೆಳಕಿಗಾಗಿ ಭೂಮಿ ಬಿಟ್ಟವರು ಎರಡು ತಲೆಮಾರು ಕಳೆದರೂ ಹಕ್ಕುಪತ್ರ ಹಿಡಿದುಕೊಳ್ಳಲು ಓಡಾಡುತ್ತಿರುವ ಕಣಿವೆಯಲ್ಲಿ ಇನ್ನೊಂದು ಯೋಜನೆಯ ಮಾತು ನಂಬಲು ನನಗೆ ಆಗುವುದಿಲ್ಲ. ಆದರೆ ‘ನನ್ನ ಮಗನಿಗೆ ಅಲ್ಲಿ ಕೆಲಸ ಸಿಗಬಹುದಲ್ಲ’ ಅನ್ನುವ ಅಪ್ಪನನ್ನು ಅಭಿವೃದ್ಧಿಯ ದಲ್ಲಾಳಿ ಅಂತ ಕರೆಯಲಾರೆ. ಅವರ ಮಾತನ್ನೂ ಅವರದೇ ಧಾಟಿಯಲ್ಲಿ ಬರೆದು, ಆಮೇಲೆ ನನ್ನ ಉತ್ತರ ಬರೆಯುತ್ತೇನೆ. ಅವರು ಅದನ್ನು ಓದುತ್ತಾರೆ. ಬಯ್ಯುತ್ತಾರೆ. ಸಂಜೆ ಸ್ಟ್ಯಾಂಡಿನಲ್ಲಿ ಸಿಕ್ಕರೆ ಚಹಾಕ್ಕೂ ಕರೆಯುತ್ತಾರೆ, ದುಡ್ಡು ನಾನೇ ಕೊಡಬೇಕು.

ಬರೆಯದೆ ಬಿಡುವುದೂ ಬಹಳ ಇದೆ. ಚರಂಡಿ ಒತ್ತಿ ಕಾಂಪೌಂಡ್ ಕಟ್ಟಿದವರೇ ಕಾರ್ಯಕ್ರಮಗಳಿಗೆ ಕುರ್ಚಿ ಕೊಡಿಸುವವರು. ನಮ್ಮ ಸಾಹಿತ್ಯದಲ್ಲಿ ಚರಂಡಿ ಯಾಕೆ ಇಷ್ಟು ಕಡಿಮೆ ಬರುತ್ತದೆ ಅಂತ ಯಾರಾದರೂ ಸಂಶೋಧನೆ ಮಾಡುವುದಾದರೆ ಇದೊಂದು ಕಾರಣ ಬರೆದುಕೊಳ್ಳಲಿ.

ಇಲ್ಲಿರುವ ಕಾಲೇಜಿನ ಹುಡುಗ ಹುಡುಗಿಯರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಲಾಂಚಿನಲ್ಲಿ ದುಡಿದವರು, ದಡದಲ್ಲಿ ಅಂಗಡಿ ಇಟ್ಟವರು, ಜೀಪು ಓಡಿಸಿದವರು, ಮುಳುಗಡೆಯ ವರ್ಷ ಗಾಡಿಗೆ ಸಾಮಾನು ಹೇರಿದ್ದು ನೆನಪಿರುವ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಅವರ ಮಾತು ಅವರ ಬಾಯಿಯಲ್ಲಿ ಬಂದ ಹಾಗೇ ಬರೆದುಕೊಳ್ಳಬೇಕು. ಮುಂದಿನ ಭಾನುವಾರ ಬೆಳಿಗ್ಗೆ ನಾವು ಕೆಲವರು ತುಮರಿಗೆ ಹೋಗುವವರಿದ್ದೇವೆ. ಬರುವವರು ಹೊರಗಿನ ಮೇಜಿನ ಹತ್ತಿರ ಹೆಸರು ಕೊಡಿ. ನೋಟ್‌ಬುಕ್ ನೀವೇ ತರಬೇಕು, ತಿಂಡಿ ನಮ್ಮದು. ಫೋನಿನಲ್ಲಿ ರೆಕಾರ್ಡ್ ಮಾಡುವ ಮೊದಲು ಅವರನ್ನು ಒಂದು ಮಾತು ಕೇಳಿ.

ನಮಸ್ಕಾರ. ಯಾರಿಗಾದರೂ ಪ್ರಶ್ನೆ ಇದ್ದರೆ ಈಗಲೇ ಕೇಳಬಹುದು.