ಎರಡು ಕರ್ಸರ್‌ಗಳಲ್ಲಿ ಒಂದು ನಿಂತೇ ಇತ್ತು

ನಮಸ್ಕಾರ. ಆನ್‌ಲೈನ್ ಎಡಿಟರಿನಲ್ಲಿ ಇಬ್ಬರು ಕೂಡಿ ಕೋಡ್ ಬರೆಯುವಾಗ ಪರದೆಯ ಮೇಲೆ ಎರಡು ಬಣ್ಣದ ಕರ್ಸರ್‌ಗಳು ಕಾಣಿಸುತ್ತವೆ. ನನ್ನ ಆಪ್ತ ಸ್ನೇಹಿತನೊಬ್ಬ ಪ್ರೋಗ್ರಾಮಿಂಗ್ ಕಲಿಯಲು ಹೊರಟಾಗ, ತಿಂಗಳುಗಟ್ಟಲೆ ರಾತ್ರಿಗಳಲ್ಲಿ ನಾವಿಬ್ಬರೂ ಅಂಥದೊಂದು ಎಡಿಟರಿನ ಮುಂದೆ ಕೂರುತ್ತಿದ್ದೆವು. ನನ್ನ ಹಸಿರು ಕರ್ಸರ್ ಸಾಲಿನಿಂದ ಸಾಲಿಗೆ ಓಡುತ್ತಿತ್ತು. ಅವನ ಕೇಸರಿ ಕರ್ಸರ್ ಹನ್ನೆರಡನೆಯ ಸಾಲಿನಲ್ಲಿ ಮಿಟುಕುತ್ತ ನಿಂತಿರುತ್ತಿತ್ತು. ‘ನೀನಿಲ್ಲದಿದ್ದರೆ ನನ್ನಿಂದ ಆಗುತ್ತಲೇ ಇರಲಿಲ್ಲ ಮಾರಾಯ’ ಎಂದು ಅವನು ಅಂದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ. ಒಂದು ದಿನ ಅವನು ನನ್ನನ್ನು ಕರೆಯದೆ ತಾನೇ ಒಂದು ಸಮಸ್ಯೆಯನ್ನು ಬಿಡಿಸಿದ. ಎಲ್ಲ ಟೆಸ್ಟ್‌ಗಳೂ ಪಾಸಾಗಿದ್ದವು. ನಾನು ಭೇಷ್ ಎನ್ನುವ ಬದಲು ಆ ಕೋಡಿನಲ್ಲಿ ಹುಳುಕು ಹುಡುಕಲು ಕುಳಿತೆ.

ಕೋಡಿಪೆಂಡೆನ್ಸಿ, ಅಂದರೆ ಇನ್ನೊಬ್ಬರನ್ನು ನೋಡಿಕೊಳ್ಳುವುದಕ್ಕೇ ಅಂಟಿಕೊಳ್ಳುವ ಅತಿಯಾದ ಅವಲಂಬನೆ ಎಂಬ ಪದದ ಅರ್ಥ ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಈ ಪದ ಅಮೆರಿಕದಲ್ಲಿ ಕುಡಿತದ ಚಟಕ್ಕೆ ಚಿಕಿತ್ಸೆ ನೀಡುವವರ ನಡುವೆ ಹುಟ್ಟಿತು. ಕುಡಿಯುವವನನ್ನು ಕಾಯುವುದರಲ್ಲೇ, ಅವನ ತಪ್ಪುಗಳನ್ನು ಮುಚ್ಚುವುದರಲ್ಲೇ ತಮ್ಮ ಬದುಕನ್ನು ಕಳೆದುಬಿಡುವ ಮನೆಯವರನ್ನು ಕುರಿತು ಅದು ಬಳಕೆಗೆ ಬಂತು. 1986ರಲ್ಲಿ ಇದಕ್ಕಾಗಿಯೇ ಒಂದು ಸ್ವಸಹಾಯ ಸಂಘವೂ ಅಲ್ಲಿ ಆರಂಭವಾಯಿತು. ಆದರೆ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಇದು ಇಂದಿಗೂ ಸೇರಿಲ್ಲ, ಆದ್ದರಿಂದ ಯಾರಿಗಾದರೂ ಇದನ್ನು ಕಾಯಿಲೆಯ ಹೆಸರಿನಂತೆ ಅಂಟಿಸುವ ಮುನ್ನ ಎಚ್ಚರವಿರಲಿ.

ಅವಲಂಬನೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರು ಬರೆದ ಕೋಡನ್ನು ನೆಚ್ಚದ ಸಾಫ್ಟ್‌ವೇರ್ ಇಲ್ಲವೆಂದೇ ಹೇಳಬೇಕು. 2016ರ ಮಾರ್ಚ್‌ನಲ್ಲಿ ಲೆಫ್ಟ್‌-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪುಟ್ಟ ಪ್ಯಾಕೇಜನ್ನು ಅದರ ಲೇಖಕ ಎನ್‌ಪಿಎಮ್‌ನಿಂದ, ಅಂದರೆ ಜಾವಾಸ್ಕ್ರಿಪ್ಟ್ ಕೋಡ್ ಹಂಚಿಕೊಳ್ಳುವ ಆನ್‌ಲೈನ್ ಭಂಡಾರದಿಂದ ತೆಗೆದುಹಾಕಿದಾಗ, ಅದರ ಹೆಸರನ್ನೇ ಕೇಳದ ಎಷ್ಟೋ ಪ್ರಾಜೆಕ್ಟ್‌ಗಳ ಬಿಲ್ಡ್, ಅಂದರೆ ಕೋಡನ್ನು ಜೋಡಿಸಿ ಸಿದ್ಧಗೊಳಿಸುವ ಕೆಲಸ, ಮುರಿದುಬಿತ್ತು. ಅಷ್ಟಾದರೂ ಅದು ಒಮ್ಮುಖದ ಅವಲಂಬನೆ. ಪ್ರಾಜೆಕ್ಟಿನ ಪಟ್ಟಿಯಲ್ಲಿ ದಾಖಲಾಗಿರುತ್ತದೆ, ಬೇಕೆಂದರೆ ಬದಲಿ ಹುಡುಕಬಹುದು. ನನ್ನದು ಹಾಗಿರಲಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಮಾಡ್ಯೂಲ್‌ಗಳು, ಅಂದರೆ ಕೋಡಿನ ಫೈಲ್‌ಗಳು, ಒಂದನ್ನೊಂದು ಇಂಪೋರ್ಟ್ ಮಾಡಲು (ತಮ್ಮೊಳಗೆ ತಂದುಕೊಳ್ಳಲು) ಹೋಗಿ ಸಿಕ್ಕಿಬಿದ್ದಾಗ, ಅರ್ಧ ಮಾತ್ರ ಸಿದ್ಧವಾದ ಮಾಡ್ಯೂಲಿನಿಂದ ಹೆಸರನ್ನು ತರಲಾಗದು ಎಂಬ ದೋಷಸಂದೇಶ ಬರುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ನಮ್ಮಿಬ್ಬರ ನೆನಪಾಗುತ್ತದೆ: ಅವನಿಗೆ ನನ್ನ ಉತ್ತರ ಬೇಕಿತ್ತು, ನನಗೆ ಅವನ ಅಸಹಾಯಕತೆ ಬೇಕಿತ್ತು.

ಹಾಗಾಗಿ, ಯಾರು ಎಷ್ಟು ಸಹಾಯ ಮಾಡುತ್ತಾರೆ ಎಂಬ ಅಳತೆ ಇಲ್ಲಿ ಕೆಲಸಕ್ಕೆ ಬಾರದು ಎಂಬುದು ನನ್ನ ಅಭಿಪ್ರಾಯ. ಸಹಾಯ ಬೇಡವೆಂದಾಗ ಸಹಾಯ ಮಾಡುವವರಿಗೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಸಂಗಾತಿಯ ಮುಖ ಬಾಡಿದರೆ ನಿಮ್ಮ ಇಡೀ ದಿನ ಕೆಡುತ್ತದೆಯೇ, ಅವರ ಪರವಾಗಿ ಅವರ ಕಚೇರಿಗೆ ನೀವೇ ನೆಪ ಹೇಳುತ್ತೀರಾ, ಬೇಡವೆನ್ನಲು ಹೊರಟ ನಾಲಿಗೆ ತಾನಾಗಿಯೇ ಹೂಂ ಎನ್ನುತ್ತದೆಯೇ, ಇವನ್ನು ಗಮನಿಸಿ. ಆದರೆ ಹೊಡೆತ ಬಡಿತಗಳಿರುವ ಸಂಬಂಧಗಳಿಗೆ ಈ ಪದವನ್ನು ತರಲೇಬೇಡಿ. ಅಲ್ಲಿ ಭಯದಿಂದ ತಲೆಬಾಗುವವರನ್ನು ಕೋಡಿಪೆಂಡೆಂಟ್ ಎಂದು ಕರೆಯುವುದು ತಪ್ಪನ್ನು ಅವರ ತಲೆಗೇ ಕಟ್ಟಿದಂತೆ.

ಆಮೇಲೆ ಒಮ್ಮೆ ಅವನ ಪ್ರಾಜೆಕ್ಟಿನ ಮೇಲೆ ನಾನು ಗಿಟ್ ಬ್ಲೇಮ್ ಓಡಿಸಿದೆ. ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರೆಂದು ತೋರಿಸುವ ಆ ಆದೇಶ ಪುಟದ ಉದ್ದಕ್ಕೂ ನನ್ನ ಹೆಸರನ್ನೇ ಉದುರಿಸಿತು. ಅವನಿಗೆ ಅದನ್ನು ತೋರಿಸಿ, ನನ್ನ ಪ್ರವೇಶವನ್ನು ಓದುವುದಕ್ಕಷ್ಟೇ ಸೀಮಿತಗೊಳಿಸುವಂತೆ ಕೇಳಿದೆ. ಅವನಿಗೆ ಸಿಟ್ಟು ಬಂತು, ಕೆಲವು ದಿನ ಮಾತು ನಿಂತಿತು. ಬಳಿಕ ಅವನು ಹಳೆಯ ಫೈಲನ್ನು ಅಳಿಸಿ ಮೊದಲಿನಿಂದ ಬರೆಯತೊಡಗಿದ. ಈಗ ಅದು ಓಡುತ್ತಿದೆ. ವೇರಿಯಬಲ್‌ಗಳ ಹೆಸರುಗಳು ನೋಡಲಾಗದಷ್ಟು ಕೆಟ್ಟದಾಗಿವೆ, ಅದನ್ನು ನಾನು ಇನ್ನೂ ಅವನಿಗೆ ಹೇಳಿಲ್ಲ.