ಚಳಿಯನ್ನು ಎಣಿಸುವ ಮರಗಳು

ಎಲ್ಲರಿಗೂ ನಮಸ್ಕಾರ.

‘ಈ ಸಲ ಚಳಿ ಜೋರಾಗಿತ್ತು, ಹಾಗಾದರೆ ಪರಾಗದ ಕಾಟ ಕಡಿಮೆ ಇರುತ್ತದೆ ಅಲ್ಲವೇ?’ ಮರಗಳ ಪರಾಗದಿಂದ ಸೀನಿ ಸೀನಿ ಸುಸ್ತಾಗುವವರು ಚಳಿಗಾಲದ ಕೊನೆಗೆ ಕೇಳುವ ಪ್ರಶ್ನೆ ಇದು. ಚಳಿಗೆ ಕೀಟಗಳು ಸಾಯುವಂತೆ ಪರಾಗವೂ ಸತ್ತಿರಬಹುದು ಎಂಬ ಆಸೆ ಅದರ ಹಿಂದೆ ಇರುತ್ತದೆ. ಆ ಆಸೆಗೆ ನಾನು ಇಂದು ತಣ್ಣೀರೆರಚಬೇಕಾಗಿದೆ.

ಬರ್ಚ್, ಆಲ್ಡರ್, ಹೇಝಲ್ ಮರಗಳನ್ನು ತೆಗೆದುಕೊಳ್ಳಿ. ಇವುಗಳ ಗಂಡು ಹೂಗೊಂಚಲುಗಳು ರೂಪುಗೊಳ್ಳುವುದು ಹಿಂದಿನ ಬೇಸಿಗೆಯಲ್ಲಿ. ಎಲೆ ಉದುರಿದ ಮೇಲೆ ಕೊಂಬೆಯ ತುದಿಯಲ್ಲಿ ಗಟ್ಟಿಯಾಗಿ ಮುದುಡಿ ತೂಗುವ ಆ ಪುಟ್ಟ ಗೊಂಚಲುಗಳನ್ನು ಹಿಮದ ನಡುವೆಯೂ ಕಾಣಬಹುದು. ಎಷ್ಟು ಪರಾಗ ಬರಬೇಕು ಎಂಬುದರ ದೊಡ್ಡ ಪಾಲು ಆಗಲೇ ತೀರ್ಮಾನವಾಗಿರುತ್ತದೆ. ಜಪಾನಿನಲ್ಲಿ ಸುಗಿ ಎಂಬ ಮರದ ಪರಾಗ ಬಹುಸಂಖ್ಯೆಯ ಜನರನ್ನು ಕಾಡುತ್ತದೆ. ಆ ಅಲರ್ಜಿಯ ಮೊದಲ ವೈದ್ಯಕೀಯ ವರದಿ ಬಂದದ್ದು 1964ರಲ್ಲಿ. ಯುದ್ಧಾನಂತರ ಮರಮಟ್ಟಿಗಾಗಿ ನೆಟ್ಟ ತೋಪುಗಳು ಬಲಿತಂತೆ ರೋಗಿಗಳೂ ಹೆಚ್ಚಿದರು. ಮುಂದಿನ ವಸಂತ ಹೇಗಿರುತ್ತದೆ ಎಂದು ತಿಳಿಯಲು ಅಲ್ಲಿನವರು ಹಿಂದಿನ ಬೇಸಿಗೆಯ ಬಿಸಿಲಿನ ದಾಖಲೆ ನೋಡುತ್ತಾರೆ, ಚಳಿಗಾಲದ ಆರಂಭದಲ್ಲಿ ಕಾಡಿಗೆ ಹೋಗಿ ಗಂಡು ಮೊಗ್ಗುಗಳನ್ನು ಗಮನಿಸುತ್ತಾರೆ.

ಹಾಗಾದರೆ ಚಳಿಗಾಲಕ್ಕೆ ಏನು ಕೆಲಸ? ತಾರೀಖು ಗೊತ್ತುಮಾಡುವುದು. ಪ್ರಮಾಣಕ್ಕಿಂತ ಹೆಚ್ಚಾಗಿ ಚಳಿಗಾಲ ಬದಲಿಸುವುದು ದಿನಾಂಕವನ್ನು. ರೋಗಿಗೆ ದಿನಾಂಕ ಎಷ್ಟು ಮುಖ್ಯ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮರ ಎರಡು ಲೆಕ್ಕ ಇಡುತ್ತದೆ. ಮೊದಲನೆಯದು ಚಳಿಯ ಲೆಕ್ಕ. ಶರತ್ಕಾಲದಲ್ಲಿ ಮೊಗ್ಗು ಗಾಢ ಸುಪ್ತಾವಸ್ಥೆಗೆ ಜಾರುತ್ತದೆ. ನಡುವೆ ನಾಲ್ಕು ದಿನ ಬೆಚ್ಚಗಾದರೂ ಅದು ಮೋಸಹೋಗುವುದಿಲ್ಲ. ಪಾಪ್ಲರ್, ಬರ್ಚ್ ಮರಗಳಲ್ಲಿ ಇದರ ಒಳಗುಟ್ಟು ಸಾಕಷ್ಟು ಗೊತ್ತಾಗಿದೆ: ಮೊಗ್ಗಿನ ಕೋಶದಿಂದ ಕೋಶಕ್ಕೆ ಇರುವ ಅತಿಸಣ್ಣ ದಾರಿಗಳಿಗೆ ಬಿರಡೆ ಬಿದ್ದಿರುತ್ತದೆ, ವಾರಗಟ್ಟಲೆ ತಂಪು ಕಂಡ ಮೇಲೆ ಆ ಬಿರಡೆ ಕರಗುತ್ತದೆ. ಸ್ವಾರಸ್ಯವೆಂದರೆ, ಈ ಕೆಲಸಕ್ಕೆ ಕಡುಚಳಿ ಬೇಕಿಲ್ಲ. ಸೊನ್ನೆಯಿಂದ ಸುಮಾರು 7 ಡಿಗ್ರಿ ಸೆಲ್ಸಿಯಸ್‌ವರೆಗಿನ ಸಾಧಾರಣ ತಂಪೇ ಹೆಚ್ಚು ಪರಿಣಾಮಕಾರಿ. ನೀರು ಹೆಪ್ಪುಗಟ್ಟುವ ರಾತ್ರಿಗಳು ನಮ್ಮನ್ನು ನಡುಗಿಸುತ್ತವೆಯೇ ಹೊರತು ಮರದ ಲೆಕ್ಕದಲ್ಲಿ ಅವಕ್ಕೆ ಬೆಲೆ ಕಡಿಮೆ.

ಚಳಿಯ ಲೆಕ್ಕ ತೀರಿದ ಮೇಲೆ ಎರಡನೆಯದು, ಬಿಸಿಯ ಲೆಕ್ಕ. ಪ್ರತಿದಿನದ ಬೆಚ್ಚನೆಯನ್ನು ಮರ ಜಮೆ ಮಾಡುತ್ತಾ ಹೋಗುತ್ತದೆ, ಖಾತೆ ತುಂಬಿದ ದಿನ ಗೊಂಚಲು ಬಿಚ್ಚಿಕೊಳ್ಳುತ್ತದೆ. ಸುಗಿ ಮರಕ್ಕೆ ಜಪಾನಿನಲ್ಲಿ ಒಂದು ಸರಳ ಸೂತ್ರ ಬಳಕೆಯಲ್ಲಿದೆ. ಜನವರಿ 1ರಿಂದ ದಿನದಿನದ ಗರಿಷ್ಠ ಉಷ್ಣಾಂಶವನ್ನು ಕೂಡುತ್ತಾ ಬನ್ನಿ, ಮೊತ್ತ 400 ಡಿಗ್ರಿಯ ಆಸುಪಾಸಿಗೆ ಬಂದಾಗ ಪರಾಗ ಹಾರತೊಡಗುತ್ತದೆ. ಒರಟು ಸೂತ್ರ, ನಿಜ. ಆದರೆ ಕಾಗದ, ಪೆನ್ಸಿಲ್ ಇದ್ದವರು ಯಾರಾದರೂ ಮಾಡಬಹುದಾದ ಲೆಕ್ಕವೆಂಬ ಕಾರಣಕ್ಕೆ ನನಗೆ ಅದು ಬಹಳ ಇಷ್ಟ.

ಈಗ ಚಳಿಗಾಲ ಮೆದುವಾಗಿದೆ ಎಂದುಕೊಳ್ಳಿ. ಹೇಝಲ್, ಆಲ್ಡರ್‌ಗಳಿಗೆ ಬೇಕಾದ ತಂಪೂ ಕಡಿಮೆ, ಬಿಸಿಯೂ ಕಡಿಮೆ. ಅವು ಜನವರಿಯಲ್ಲಿ, ಕೆಲವೊಮ್ಮೆ ಡಿಸೆಂಬರಿನಲ್ಲೇ ಪರಾಗ ಚೆಲ್ಲುತ್ತವೆ. ಬರ್ಚ್ ತನ್ನ ಸರದಿಗೆ ಕಾಯುತ್ತದೆ. ಒಟ್ಟಿನಲ್ಲಿ ಸೀನುವ ಕಾಲ ಹಿಗ್ಗುತ್ತದೆ. ಚಳಿಗಾಲ ತೀರಾ ಬೆಚ್ಚಗಾದರೆ ಇನ್ನೊಂದು ವಿಚಿತ್ರ: ಚಳಿಯ ಲೆಕ್ಕವೇ ಪೂರ್ತಿಯಾಗದೆ ಕೆಲವು ಮರಗಳು ತಡಮಾಡುತ್ತವೆ. ಇದಕ್ಕೆ ಎದುರಾಗಿ, ಚಳಿ ಬಹುಕಾಲ ಹಿಡಿದಿಟ್ಟು ಒಮ್ಮೆಲೇ ಬಿಟ್ಟುಕೊಟ್ಟರೆ, ಸಾಲಾಗಿ ಅರಳಬೇಕಿದ್ದ ಮರಗಳೆಲ್ಲ ಒಟ್ಟಿಗೆ ಅರಳುತ್ತವೆ. ಕಾಲ ಚಿಕ್ಕದು, ಹೊಡೆತ ದೊಡ್ಡದು. ಚಳಿ ಜೋರಾಗಿದ್ದರೆ ನಿರಾಳ ಎಂದುಕೊಂಡವರಿಗೆ ಪೆಟ್ಟು ಬೀಳುವುದು ಇಲ್ಲಿ.

ಉತ್ತರ ಅಮೆರಿಕದ 60 ಕೇಂದ್ರಗಳ 1990ರಿಂದ 2018ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಪರಾಗದ ಕಾಲ ಸುಮಾರು 20 ದಿನ ಮುಂಚಿತವಾಗಿದೆ, ಗಾಳಿಯಲ್ಲಿನ ಪರಾಗ ಸುಮಾರು ಶೇಕಡಾ 21ರಷ್ಟು ಹೆಚ್ಚಿದೆ. ಈ ಏರಿಕೆಯಲ್ಲಿ ಮರಗಳ ಪಾಲು ದೊಡ್ಡದು.

ಎಲ್ಲ ಮರಗಳೂ ವಸಂತಕ್ಕೆ ಕಾಯುವುದಿಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಬೆಳೆಯುವ ಒಂದು ಜಾತಿಯ ಜೂನಿಪರ್ ಮರ ಪರಾಗ ಬಿಡುವುದೇ ಡಿಸೆಂಬರಿನಿಂದ ಫೆಬ್ರುವರಿಯವರೆಗೆ. ಉತ್ತರದಿಂದ ಒಣ ತಂಪುಗಾಳಿ ನುಗ್ಗಿದ ದಿನ ಮರ ಹಳದಿ ಮೋಡವನ್ನೇ ಉಗುಳುತ್ತದೆ, ಕಂಡವರು ಬೆಂಕಿ ಬಿದ್ದಿದೆ ಎಂದು ಅಗ್ನಿಶಾಮಕ ದಳಕ್ಕೆ ಕರೆಮಾಡುವುದೂ ಉಂಟು. ಅದರಿಂದ ಬರುವ ಅಲರ್ಜಿಗೆ ಅಲ್ಲಿನವರು ಇಟ್ಟ ಹೆಸರು ಸೀಡರ್ ಜ್ವರ. ಮರ ಸೀಡರ್ ಅಲ್ಲ, ಕಾಯಿಲೆ ಜ್ವರವಲ್ಲ. ಹೆಸರಿಡುವಾಗ ನಾಮಕರಣದವರೂ ಸೀನುತ್ತಿದ್ದಿರಬೇಕು!

ಇಷ್ಟು ಋತುವಿನ ಮಾತು. ದಿನದ ಹವೆಯದು ಬೇರೆಯೇ ಆಟ. ಪರಾಗಕೋಶ ಒಡೆಯಬೇಕಾದರೆ ಒಣಗಬೇಕು. ಹಾಗಾಗಿ ಬಿಸಿಲು, ಒಣಹವೆ, ಗಾಳಿ ಕೂಡಿದ ದಿನ ಅಪಾಯ ಹೆಚ್ಚು. ಸತತ ಮಳೆ ಗಾಳಿಯನ್ನು ತೊಳೆಯುತ್ತದೆ, ಆದರೆ ಮಳೆನೀರು ಹೀರಿದ ಪರಾಗರೇಣು ಒಡೆದು ಚೂರಾಗುವುದೂ ಇದೆ. ಬರ್ಚ್ ರೇಣುವಿನ ಅಳತೆ 20ರಿಂದ 25 ಮೈಕ್ರೋಮೀಟರ್, ಅದನ್ನು ಬಹುಪಾಲು ಮೂಗೇ ತಡೆಯುತ್ತದೆ. ಚೂರುಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ, ಆಸ್ತಮಾ ಇದ್ದವರಿಗೆ ಅದೇ ಭಯ. ಚಳಿಗಾಲದ ನಿಶ್ಚಲ ಮುಂಜಾನೆಗಳಲ್ಲಿ ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು, ವಾಹನಗಳ ಹೊಗೆಯನ್ನೂ ಪರಾಗವನ್ನೂ ನೆಲದ ಹತ್ತಿರವೇ ಕೂಡಿಹಾಕುತ್ತದೆ. ಇನ್ನು ಊರಿನ ಮರಗಳು ಮಲಗಿರುವಾಗಲೇ ದೂರದ ಬೆಚ್ಚನೆಯ ನಾಡಿನಿಂದ ಪರಾಗ ತೇಲಿಬರುವುದೂ ಹೊಸದಲ್ಲ. ಫಿನ್‌ಲ್ಯಾಂಡಿನಲ್ಲಿ ಬರ್ಚ್ ಅರಳುವ ಮೊದಲೇ ದಕ್ಷಿಣದ ಬರ್ಚ್ ಪರಾಗ ಅಲ್ಲಿಗೆ ತಲುಪುತ್ತದೆ.

ಇದನ್ನೆಲ್ಲ ಅಳೆಯುವ ಯಂತ್ರದ ಮೂಲ ವಿನ್ಯಾಸ 1952ರದು. ಅದು ನಿಮಿಷಕ್ಕೆ 10 ಲೀಟರ್ ಗಾಳಿಯನ್ನು, ಹೆಚ್ಚುಕಡಿಮೆ ಒಬ್ಬ ಮನುಷ್ಯ ಉಸಿರಾಡುವಷ್ಟನ್ನು, ಒಳಗೆಳೆದು ಅಂಟುಪಟ್ಟಿಯ ಮೇಲೆ ಹಾಯಿಸುತ್ತದೆ. ಒಂದರ್ಥದಲ್ಲಿ ಸೀನದ ಮೂಗು.

ನಮ್ಮ ಮೂಗಿಗೆ ಮಾತ್ರ ನೆನಪಿನ ಶಕ್ತಿ ಇದೆ. ಅದಕ್ಕೇ ದಿನಾಂಕ ಮುಖ್ಯ ಎಂದೆ. ಪರಾಗಕ್ಕೆ ಮತ್ತೆ ಮತ್ತೆ ಒಡ್ಡಿಕೊಂಡ ಮೂಗು ಬರಬರುತ್ತಾ ಕಡಿಮೆ ಪರಾಗಕ್ಕೂ ಕೆರಳುತ್ತದೆ ಎಂಬುದು 1960ರ ದಶಕದ ಪ್ರಯೋಗಗಳಿಂದಲೇ ಗೊತ್ತಿದೆ. ಹೇಝಲ್, ಆಲ್ಡರ್, ಬರ್ಚ್‌ಗಳ ಅಲರ್ಜಿಕಾರಕ ಪ್ರೋಟೀನ್‌ಗಳು ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುತ್ತವೆ. ಜನವರಿಯಲ್ಲಿ ಹೇಝಲ್ ಮೂಗನ್ನು ಹದಗೊಳಿಸಿಟ್ಟರೆ, ಬರ್ಚ್ ಬರುವ ಹೊತ್ತಿಗೆ ಕಿಡಿ ತಾಗಿಸುವುದಷ್ಟೇ ಬಾಕಿ.

ಆ ಜನವರಿಯ ತೊಂದರೆಯನ್ನು ಬಹಳ ಮಂದಿ ನೆಗಡಿ ಎಂದು ತಳ್ಳಿಹಾಕುತ್ತಾರೆ. ನೆಗಡಿ ಸಾಮಾನ್ಯವಾಗಿ ವಾರ ಹತ್ತು ದಿನದಲ್ಲಿ ಹೋಗುತ್ತದೆ. ಕಣ್ಣು, ಮೂಗು ತುರಿಸುತ್ತಾ, ನೀರಿನಂಥ ಸಿಂಬಳ ಸುರಿಯುತ್ತಾ, ಜ್ವರವಿಲ್ಲದೆ ವಾರಗಟ್ಟಲೆ ನಡೆದರೆ ಅಲರ್ಜಿಯನ್ನು ಅನುಮಾನಿಸಿ. ಉಬ್ಬಸ ಇದ್ದರಂತೂ ತಡಮಾಡದೆ ವೈದ್ಯರನ್ನು ಕಾಣಿ. ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧ ಪೂರ್ಣ ಪರಿಣಾಮ ತೋರಿಸಲು ಕೆಲವು ದಿನಗಳಿಂದ ಎರಡು ವಾರ ಹಿಡಿಯುತ್ತದೆ, ಆದ್ದರಿಂದ ಪರಾಗ ಹಾರುವ ಮೊದಲೇ ಶುರುಮಾಡಿದರೆ ಒಳ್ಳೆಯದು. ಕಳೆದ ವರ್ಷದ ಕ್ಯಾಲೆಂಡರ್ ನೋಡಿ ಶುರುಮಾಡಿದರೆ, ಮೆದು ಚಳಿಗಾಲದ ವರ್ಷ ನೀವು ಮೂರು ವಾರ ಹಿಂದೆ ಬೀಳಬಹುದು. ಹವಾಮಾನ ನೋಡಿ ವೈದ್ಯರೊಡನೆ ದಿನ ಗೊತ್ತುಮಾಡಿಕೊಳ್ಳಿ.

ಇನ್ನು ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿ ಆಗಿನಿಂದ ಸೀನುತ್ತಿರುವವರಿಗೆ ಮೊದಲ ಅವಕಾಶ.