ಒಂದು ಸುತ್ತಿನ ಅಂತರ

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗಿನ ಜಾವ ಐದಕ್ಕೆ ಸೈಕಲ್ ಹತ್ತಬೇಕು. ಸಂಜೆ ಐದರ ತನಕ ತುಳಿಯುತ್ತಲೇ ಇರಬೇಕು. ಊರೂರು ಸುತ್ತುವುದಲ್ಲ, ಒಂದೇ ಅಂಗಳದಲ್ಲಿ ಗಿರಗಿರ ಸುತ್ತು. ಒಂದು ಸುತ್ತಿಗೆ 333 ಮೀಟರ್ ಚಿಲ್ಲರೆ. ಇಂಥದ್ದೊಂದು ಸ್ಪರ್ಧೆ ಒಲಿಂಪಿಕ್ಸ್‌ನಲ್ಲೇ ನಡೆದಿತ್ತು ಅಂದರೆ ನಂಬ್ತೀರಾ? 1896ರ ಏಪ್ರಿಲ್ 13, ಅಥೆನ್ಸ್. ಆಧುನಿಕ ಒಲಿಂಪಿಕ್ಸ್ ಶುರುವಾದದ್ದೇ ಆ ವರ್ಷ.

ಸೈಕಲ್ ಆಗ ಹೊಸ ಹುಚ್ಚು. ಎರಡೂ ಚಕ್ರ ಹೆಚ್ಚುಕಮ್ಮಿ ಸಮನಾಗಿರುವ, ಚೈನ್ ಇರುವ ಈಗಿನ ರೂಪದ ಸೈಕಲ್ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದು 1885ರಲ್ಲಿ. ಡನ್‌ಲಪ್ ಅವರ ಗಾಳಿ ತುಂಬಿದ ಟೈರ್ ಬಂದದ್ದು 1888ರಲ್ಲಿ. ಎಂಟೇ ವರ್ಷಕ್ಕೆ ಒಲಿಂಪಿಕ್ಸ್‌ನಲ್ಲಿ ಆರು ಸೈಕಲ್ ಸ್ಪರ್ಧೆ! ಅದಕ್ಕೆಂದೇ ನಿಯೊ ಫಾಲಿರೊ ಎಂಬಲ್ಲಿ ಒಂದು ವೆಲೊಡ್ರೋಮ್, ಅಂದರೆ ಸೈಕಲ್ ಓಟದ ಅಂಗಳ, ಕಟ್ಟಿದರು.

ಹೆಚ್ಚು ಗೆದ್ದವರು ಫ್ರಾನ್ಸಿನ ಪಾಲ್ ಮಾಸನ್. ಮೂರು ಓಟ, ಮೂರರಲ್ಲೂ ಮೊದಲ ಸ್ಥಾನ. ನೂರು ಕಿಲೋಮೀಟರ್ ಓಟ ಗೆದ್ದ ಲಿಯೋನ್ ಫ್ಲಾಮೆಂಗ್ ಕೂಡ ಫ್ರಾನ್ಸಿನವರೇ. ಎದುರಾಳಿ ಗ್ರೀಕ್ ಸವಾರ ಕೊಲೆಟಿಸ್ ಅವರ ಸೈಕಲ್ ಕೆಟ್ಟಾಗ ಫ್ಲಾಮೆಂಗ್ ತಾವೂ ನಿಂತು ಕಾದರಂತೆ. ಒಳ್ಳೆಯ ಕಥೆ, ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸು ಮಾತ್ರ ಗೆಲ್ಲದ ಇಬ್ಬರ ಕಡೆಗೇ ಹೋಗುತ್ತದೆ.

ಒಬ್ಬರು ಎಡ್ವರ್ಡ್ ಬ್ಯಾಟೆಲ್, ಇನ್ನೊಬ್ಬರು ಫ್ರೆಡರಿಕ್ ಕೀಪಿಂಗ್. ಇಬ್ಬರೂ ಅಥೆನ್ಸ್‌ನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಆಳುಗಳಾಗಿದ್ದವರು. ಸೈಕಲ್ ತುಳಿಯುವುದು ಚೆನ್ನಾಗಿ ಗೊತ್ತು, ಹೆಸರು ಕೊಟ್ಟರು. ಅಷ್ಟಕ್ಕೇ ಅಲ್ಲಿದ್ದ ಕೆಲವು ಇಂಗ್ಲಿಷರಿಗೆ ಹೊಟ್ಟೆಯುರಿ. ಸಂಬಳಕ್ಕೆ ದುಡಿಯುವವರು ಹವ್ಯಾಸಿ ಕ್ರೀಡಾಪಟುಗಳು, ಅಂದರೆ ದುಡ್ಡಿಗಲ್ಲದೆ ಖುಷಿಗೆ ಆಡುವವರು, ಹೇಗಾಗ್ತಾರೆ, ಅವರನ್ನು ಹೊರಗಿಡಿ ಅಂತ ತಕರಾರು ತೆಗೆದರು. ನೋಡಿ, ಸೈಕಲ್ ತುಳಿದು ಇವರು ಕಾಸು ಸಂಪಾದಿಸಿರಲಿಲ್ಲ. ಮೈಮುರಿದು ದುಡಿಯುವುದೇ ತಪ್ಪಾಗಿತ್ತು! ಆ ಕಾಲದ ಇಂಗ್ಲೆಂಡಿನಲ್ಲಿ ಇದೇನೂ ವಿಚಿತ್ರವಲ್ಲ. ಹೆನ್ಲಿಯ ದೋಣಿ ಸ್ಪರ್ಧೆಯ ನಿಯಮದಲ್ಲೇ ಕೂಲಿಕಾರರಿಗೆ, ಕುಶಲಕರ್ಮಿಗಳಿಗೆ ಜಾಗವಿರಲಿಲ್ಲ. ಬಿಡುವಿದ್ದವರಿಗೆ ಮಾತ್ರ ಆಟ, ಅಲ್ವಾ?

ಪುಣ್ಯಕ್ಕೆ ತಕರಾರು ನಡೆಯಲಿಲ್ಲ. ಇಬ್ಬರೂ ಕಣಕ್ಕಿಳಿದರು.

ಬ್ಯಾಟೆಲ್ ರಸ್ತೆ ಓಟಕ್ಕೆ ಹೋದರು. ಅಥೆನ್ಸ್‌ನಿಂದ ಮ್ಯಾರಥಾನ್ ಊರಿಗೆ ಹೋಗಿ ವಾಪಸ್ ಬರಬೇಕು, 87 ಕಿಲೋಮೀಟರ್. ಮ್ಯಾರಥಾನ್ ಮುಟ್ಟಿದ್ದಕ್ಕೆ ಗುರುತಾಗಿ ಅಲ್ಲಿ ಸಹಿ ಹಾಕಬೇಕಿತ್ತು. ಹಾಜರಿ ಪುಸ್ತಕದ ಹಾಗೆ! ಗ್ರೀಸಿನ ಕಾನ್‌ಸ್ಟಾಂಟಿನಿಡಿಸ್ ಅವರ ಸೈಕಲ್ ಹಾದಿಯಲ್ಲಿ ಕೆಟ್ಟಿತು. ಬೇರೊಂದು ಸೈಕಲ್ ಹತ್ತಿ ಬಂದು ಅವರೇ ಗೆದ್ದರು. ಬ್ಯಾಟೆಲ್‌ಗೆ ಮೂರನೇ ಸ್ಥಾನ. ಆಗ ಮೂರನೆಯವರಿಗೆ ಪದಕವೇ ಇರಲಿಲ್ಲ. ಮೊದಲನೆಯವರಿಗೂ ಬಂಗಾರವಲ್ಲ, ಬೆಳ್ಳಿ ಪದಕ, ಜೊತೆಗೊಂದು ಆಲಿವ್ ರೆಂಬೆ.

ಮರುದಿನವೇ ಆ 12 ಗಂಟೆ ಓಟ. ಹವಾಮಾನ ಕೆಟ್ಟಿತ್ತು. ಹೊರಟವರು ಒಬ್ಬೊಬ್ಬರಾಗಿ ಇಳಿಯುತ್ತಾ ಬಂದರು. ಸಂಜೆ ಗಂಟೆ ಮುಗಿದಾಗ ಸೈಕಲ್ ಮೇಲೆ ಇದ್ದವರು ಇಬ್ಬರೇ, ಆಸ್ಟ್ರಿಯಾದ ಅಡಾಲ್ಫ್ ಷ್ಮಾಲ್ ಮತ್ತು ನಮ್ಮ ಕೀಪಿಂಗ್. ಷ್ಮಾಲ್ ಅದೇ ಕೂಟದಲ್ಲಿ ಕತ್ತಿವರಸೆಗೂ ಇಳಿದಿದ್ದವರು, ಸಾಮಾನ್ಯರಲ್ಲ. ಅವರು 945 ಸುತ್ತು ಮುಗಿಸಿದ್ದರು, ಹತ್ತಿರ ಹತ್ತಿರ 315 ಕಿಲೋಮೀಟರ್. ಕೀಪಿಂಗ್ ಮುಗಿಸಿದ್ದು 944. ಹನ್ನೆರಡು ಗಂಟೆ ತುಳಿದ ಮೇಲೆ ಒಂದೇ ಸುತ್ತು ಕಮ್ಮಿ! ಆಟಕ್ಕೆ ಲಾಯಕ್ಕಿಲ್ಲ ಅಂತ ಯಾರನ್ನು ದೂರ ಇಡಲು ನೋಡಿದರೋ, ಕೊನೆಯ ತನಕ ತುಳಿದ ಇಬ್ಬರಲ್ಲಿ ಒಬ್ಬರು ಅವರೇ. ತಕರಾರು ತೆಗೆದವರು ಅವತ್ತು ಏನಂದುಕೊಂಡರೋ.

12 ಗಂಟೆ ಓಟ ಒಲಿಂಪಿಕ್ಸ್‌ಗೆ ಮತ್ತೆ ಬರಲೇ ಇಲ್ಲ. ನೋಡುವವರಿಗೂ ಬೇಸರ ಬಂದಿರಬೇಕು, ಸುಮ್ನೆ ಹೇಳುತ್ತಿಲ್ಲ. ಆದರೆ ಉದ್ದದ ಓಟದ ಆಸೆ ಅಷ್ಟು ಬೇಗ ಹೋಗಲಿಲ್ಲ. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಮೆಲಾರೆನ್ ಸರೋವರದ ಸುತ್ತ 300 ಕಿಲೋಮೀಟರಿಗೂ ಜಾಸ್ತಿ ದೂರದ ರಸ್ತೆ ಓಟ ಇಟ್ಟರು. ರಾತ್ರಿ ಎರಡು ಗಂಟೆಗೆ ಶುರು! ದಕ್ಷಿಣ ಆಫ್ರಿಕಾದ ರುಡಾಲ್ಫ್ ಲೂಯಿಸ್ ಹತ್ತು ಮುಕ್ಕಾಲು ಗಂಟೆಯೊಳಗೆ ಅದನ್ನು ಮುಗಿಸಿ ಗೆದ್ದರು.

ನಮಸ್ಕಾರ.